ಪಟ್ಟಿನ ಮೇಲೆ ಶಾಖ

"ನನ್ನ ಎಲ್ಲಿಗೆ ಮದ್ವೆ ಮಾಡಿ ಕೊಟ್ರೂ ಸರಿ, ನೀನಿರೋಗಂಟ ನಿನ್ ಬೆನ್ನಿಗೆ ಶಾಖ ಕೊಡೋಳು ನಾನೇ ಕಣವ್ವ" ಎಂದು ಉಷಾರಾಣಿ ಮಾತು ಕೊಟ್ಟಾಗ ಅವಳಿನ್ನೂ ಎರಡು ಜಡೆ ಹಾಕಿಕೊಂಡು ಹೆಬ್ಬಾಲೆಯ ಶಾಲೆಗೆ ಹೋಗುತ್ತಿದ್ದ ಹುಡುಗಿ. ಒಲೆಯ ಮುಂದೆ ಚಾಪೆಯ ಮೇಲೆ ಬೋರಲು ಮಲಗಿದ್ದ ಅವ್ವ ಹುಚ್ಚಮ್ಮ ತಲೆ ಎತ್ತದೆಯೇ ನಕ್ಕಿದ್ದಳು.

"ಸಾಕು ಬುಡು. ನಾಳೆ ಗಂಡ ಅಂತ ಒಬ್ಬ ಬಂದ ಮ್ಯಾಲೆ ಅವನ ಬೆನ್ನು ಕಾಣ್ತದೆ, ಅವ್ವನ ಬೆನ್ನು ಕಾಣಾಕಿಲ್ಲ."

"ಕಾಣ್ತದೆ."

"ಆಣೆ ಮಾಡು ಹಂಗಾರೆ."

"ಈ ಒಲೆ ಮ್ಯಾಲಾಣೆ."

ದೇವರು ದಿಂಡರು ಎಲ್ಲ ಬಿಟ್ಟು ಒಲೆಯ ಮೇಲೆ ಆಣೆಯಿಟ್ಟಳಲ್ಲ ಎಂದು ಅಪ್ಪ ಸಣ್ಣಸ್ವಾಮಿ ಬೀಡಿಯ ಹೊಗೆ ನೆತ್ತಿಗೇರುವಷ್ಟು ನಕ್ಕ. ತಮ್ಮ ಮಹೇಶನಂತೂ ಒಂದು ವಾರ ಅವಳನ್ನು 'ಒಲೆಯಾಣೆ' ಎಂದೇ ಕೂಗಿದ. ಆದರೆ ಆ ಮನೆಯಲ್ಲಿ ಒಲೆಗಿಂತ ದೊಡ್ಡ ದೇವರು ಇರಲೂ ಇಲ್ಲ. ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಆಚೆ ಜಮೀನು ಹಿಡಿದವರು ಅವರು. ಬೆಳೆದದ್ದು ಹೊಗೆಸೊಪ್ಪು. ಹೊಗೆಸೊಪ್ಪಿನ ಸಂಸಾರವೆಂದರೆ ಬೆಂಕಿಯ ಜೊತೆ ಸಂಸಾರ. ಮನೆಯ ಹಿಂದೆ ಎತ್ತರದ ಮಣ್ಣುಗೋಡೆಯ ಬ್ಯಾರನ್ನು ಇತ್ತು. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಹೆಣೆದು ಅದರೊಳಗೆ ಸಾಲುಸಾಲಾಗಿ ನೇತುಹಾಕುವುದು. ಹೊರಗಿನ ಒಲೆಗೆ ಸೌದೆ ತುಂಬುವುದು. ನೆಲದ ಮೇಲೆ ಹಾದುಹೋದ ತಗಡಿನ ಕೊಳವೆಗಳು ಕಾದು, ಸೊಪ್ಪು ಹಸಿರಿನಿಂದ ಹಳದಿಗೆ, ಹಳದಿಯಿಂದ ಚಿನ್ನದ ಬಣ್ಣಕ್ಕೆ ತಿರುಗುವವರೆಗೆ ಕಾಯುವುದು. ಆ ದಿನಗಳಲ್ಲಿ ಮನೆಮಂದಿಯೆಲ್ಲ ಆ ಒಲೆಯ ಬಾಯಿಯ ಸುತ್ತಲೇ. ಮಕ್ಕಳು ಕೆಂಡದಲ್ಲಿ ಗೆಣಸು ಸುಟ್ಟು ತಿನ್ನುತ್ತಿದ್ದರು. ಗೆಣಸಿನ ಸಿಪ್ಪೆಯ ವಾಸನೆ, ಬೇಯುವ ಸೊಪ್ಪಿನ ಜೇನುಜೇನು ವಾಸನೆ, ಅಪ್ಪನ ಬೀಡಿ, ಹಾರಂಗಿ ನಾಲೆಯ ಕಡೆಯಿಂದ ಬರುವ ಚಳಿಗಾಳಿ, ಇವೆಲ್ಲ ಸೇರಿದರೆ ಉಷಾರಾಣಿಯ ಬಾಲ್ಯ.

ಅಂಥದ್ದೇ ಒಂದು ಸಂಜೆ ಬ್ಯಾರನ್ನಿನ ಒಳಗೆ ಸೊಪ್ಪಿನ ಕಡ್ಡಿಯೊಂದು ಕಳಚಿ ಕಾದ ಕೊಳವೆಯ ಮೇಲೆ ಬಿತ್ತು. ಒಣಗಿದ ಎಲೆಗೆ ಕಿಡಿ ತಾಗಿದರೆ ಬ್ಯಾರನ್ನಿಗೆ ಬ್ಯಾರನ್ನೇ ಉರಿದುಹೋಗುತ್ತದೆ, ವರ್ಷದ ಬೆಳೆ ಬೂದಿ. ಸಣ್ಣಸ್ವಾಮಿ ಸೌದೆ ತರಲು ಹೋಗಿದ್ದ. ಹುಚ್ಚಮ್ಮ ತಲೆಗೆ ಒದ್ದೆ ಗೋಣಿ ಹೊದ್ದು ಒಳಗೆ ನುಗ್ಗಿದಳು. ಕಡ್ಡಿಯನ್ನು ಎಳೆದು ಹೊರಗೆಸೆದೂಬಿಟ್ಟಳು. ತಿರುಗುವಾಗ ಕಾಲು ಜಾರಿ ಕೊಳವೆಯ ಮೇಲೆ ಅಂಗಾತ ಬಿದ್ದಳು. ಎಡಭುಜದ ಕೆಳಗೆ, ಅಂಗೈಯಗಲ ಸುಟ್ಟಿತು.

ಗಾಯ ಮಾಯಿತು. ಆದರೆ ಆ ಜಾಗದ ಚರ್ಮ ಕಾಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಉಳಿಯಿತು. ಚಳಿಗಾಲ ಬಂತೆಂದರೆ ಯಾರೋ ಒಳಗಿನಿಂದ ದಾರ ಹಿಡಿದು ಎಳೆದಂತಾಗುತ್ತದೆ ಎನ್ನುತ್ತಿದ್ದಳು. ಆಗ ಶುರುವಾದದ್ದು ಶಾಖ. ಬೇಲಿಯ ಲಕ್ಕಿ ಸೊಪ್ಪು ತಂದು ಕಲ್ಲುಪ್ಪಿನ ಜೊತೆ ಕಬ್ಬಿಣದ ಬಾಣಲೆಯಲ್ಲಿ ಹುರಿದು, ಅಪ್ಪನ ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಬೆನ್ನಿಗೆ ಒತ್ತುವುದು. ಬೆನ್ನಿಗಿಡುವ ಮೊದಲು ತನ್ನ ಕೆನ್ನೆಗಿಟ್ಟು ನೋಡಬೇಕು, ಅದು ಅವ್ವ ಹೇಳಿಕೊಟ್ಟದ್ದು. ಒತ್ತಿಸಿಕೊಳ್ಳುತ್ತಾ ಅವ್ವ ಕಥೆಗಿಳಿಯುತ್ತಿದ್ದಳು. ಅರಕಲಗೂಡಿನಿಂದ ಗಾಡಿ ಕಟ್ಟಿಕೊಂಡು ಬರುವಾಗ ದಾರಿಯಲ್ಲಿ ಅಪ್ಪ ನಿದ್ದೆ ಹೋಗಿ ಎತ್ತುಗಳು ತಿರುಗಿ ಊರಿಗೇ ಹೊರಟದ್ದು. ಅತ್ತೆ ಕದ್ದು ತಿನ್ನುತ್ತಿದ್ದ ಬೆಲ್ಲ. ಹಗಲು ಬಾಯಿಬಿಡದ ಹೆಂಗಸಿಗೆ ಬೆನ್ನು ಬೆಚ್ಚಗಾದರೆ ನಾಲಿಗೆ ಸಡಿಲವಾಗುತ್ತಿತ್ತು. ಮಾತು ಕೊಟ್ಟದ್ದೂ ಅಂಥ ಒಂದು ಹೊತ್ತಿನಲ್ಲೇ.

ಮಾತು ಉಳಿಸಿಕೊಳ್ಳುವುದು ಕಷ್ಟವೂ ಆಗಲಿಲ್ಲ. ಉಷಾರಾಣಿಯನ್ನು ಕೊಟ್ಟದ್ದು ಬಸ್ಸಿನಲ್ಲಿ ಎರಡು ಸ್ಟಾಪು ಆಚೆಗೆ. ಗಂಡ ಸತೀಶ ಗೂಡ್ಸ್ ಟೆಂಪೊ ಓಡಿಸುತ್ತಿದ್ದ, ಅವಳು ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದಳು. ಮಕ್ಕಳಾದವು, ಅಪ್ಪ ಹೋದ, ಹೊಗೆಸೊಪ್ಪು ಬಿಟ್ಟು ಮಹೇಶ ಶುಂಠಿ ಹಾಕಿದ, ಬ್ಯಾರನ್ನು ಶುಂಠಿಯ ಉಗ್ರಾಣವಾಯಿತು. ಚಳಿಗಾಲದ ಸಂಜೆಗಳಲ್ಲಿ ಅವ್ವನ ಮನೆಗೆ ಹೋಗಿ ಲಕ್ಕಿ ಸೊಪ್ಪು ಹುರಿಯುವುದು ಮಾತ್ರ ತಪ್ಪಲಿಲ್ಲ. ಇವಳ ಮನೆಯಲ್ಲಿ ಕೆಲಸ ಬೆಟ್ಟದಷ್ಟು ಬಿದ್ದಿರುತ್ತಿತ್ತು, ಆದರೂ ಹೋಗುತ್ತಿದ್ದಳು. ಹೋದರೆ ಕುಳಿತುಕೊಳ್ಳಲು ಸಿಗುತ್ತಿತ್ತು.

ಈ ವರ್ಷದ ಮಳೆಗಾಲ ಕಳೆಯುವ ಹೊತ್ತಿಗೆ ಹುಚ್ಚಮ್ಮನ ಎದೆಯಲ್ಲಿ ಕಾಣಿಸಿಕೊಂಡಿದ್ದ ಕ್ಯಾನ್ಸರಿನ ಗಂಟು ಬೆನ್ನಿನ ಮೂಳೆಗೆ ಇಳಿದಿದೆ ಎಂದು ಮೈಸೂರಿನ ಡಾಕ್ಟರು ಹೇಳಿದರು. ಇನ್ನು ಕೊಯ್ಯುವುದು ಕತ್ತರಿಸುವುದು ಬೇಡ, ನೋವಿಲ್ಲದೆ ನೋಡಿಕೊಳ್ಳಿ ಎಂದರು. ಮಾತ್ರೆ ನುಂಗಿದರೆ ಅವಳು ವಾಂತಿ ಮಾಡುತ್ತಿದ್ದಳು, ಅದಕ್ಕೆ ಚಳಿ ಶುರುವಾಗುವ ಹೊತ್ತಿಗೆ ಚರ್ಮದ ಮೇಲೆ ಅಂಟಿಸುವ ನೋವಿನ ಪ್ಯಾಚು ಕೊಟ್ಟರು. ಅದರೊಳಗಿನ ಔಷಧಿ ಇಷ್ಟಿಷ್ಟೇ ಚರ್ಮದೊಳಗೆ ಇಳಿದು ರಕ್ತಕ್ಕೆ ಸೇರುತ್ತದೆ, ಮೂರು ದಿನಕ್ಕೊಮ್ಮೆ ಬದಲಾಯಿಸಬೇಕು. ಎಲ್ಲ ಕೇಳಿಕೊಂಡು ಬಂದವನು ಮಹೇಶ.

"ಪ್ಯಾಚು ಅಂದ್ರೆ ಏನ್ಲಾ? ಸೈಕಲ್ ಟ್ಯೂಬಿಗೆ ಹಾಕ್ತಾರಲ್ಲ ಅದಾ?" ಎಂದಳು ಹುಚ್ಚಮ್ಮ. ಎದೆಯ ಮೇಲೆ ಆಸ್ಪತ್ರೆಯವರು ಅಂಟಿಸಿದ ಸಣ್ಣ ಚೌಕವನ್ನು ಬೆರಳಿನಿಂದ ಸವರುತ್ತಿದ್ದಳು.

"ಹೂಂ ಕಣವ್ವ, ನಿಂಗೂ ಪಂಕ್ಚರ್ ಆಗದೆ."

"ಮುಚ್ಚಲೇ. ಇದು ಪಟ್ಟು ಕಣ್ಲಾ. ನಮ್ ಕಾಲದಾಗೆ ಅರಿಶಿನ, ಸುಣ್ಣ ಕಲಸಿ ಹಾಕ್ತಿರ್ಲಿಲ್ವ, ಅದೇ ಪಟ್ಟು. ಈಗ ಅಂಗಡೀಲಿ ಮಾಡಿ ಮಾರ್ತಾರೆ ಅಷ್ಟೆಯ."

ಆ ಒಂದು ಹೆಸರು ಬಿದ್ದದ್ದೇ ತಡ, ಪ್ಯಾಚು ಆ ಮನೆಯ ಸಂಪ್ರದಾಯಕ್ಕೆ ಸೇರಿಹೋಯಿತು. ಪಟ್ಟನ್ನು ಯಾರಾದರೂ ಎದೆಗೆ ಹಾಕುತ್ತಾರೆಯೇ? ನೋವಿರುವಲ್ಲಿ ತಾನೆ ಹಾಕುವುದು? ಮೊದಲ ಸಲ ಬದಲಾಯಿಸುವಾಗಲೇ ಹುಚ್ಚಮ್ಮ ಹಟ ಹಿಡಿದಳು. ಉಷಾರಾಣಿ ಹೊಸದನ್ನು ಬೆನ್ನಿಗೆ, ಹಳೇ ಸುಟ್ಟ ಕಲೆಯ ಮೇಲೆಯೇ ಅಂಟಿಸಿದಳು.

"ಮತ್ತೇನಾದ್ರೂ ಹೇಳವ್ರಾ ಡಾಕ್ಟ್ರು?" ಎಂದು ತಮ್ಮನನ್ನು ಕೇಳಿದಳು.

"ಬಿಸಿಲಿಗೆ ಕೂರಿಸ್ಬ್ಯಾಡಿ ಅಂದ್ರು."

ಡಿಸೆಂಬರಿನ ಚಳಿ. ಬೆಳಿಗ್ಗೆ ಎಷ್ಟೋ ಹೊತ್ತಿನವರೆಗೆ ಎದುರು ಮನೆಯ ಜಗಲಿ ಕಾಣದಷ್ಟು ಮಂಜು. ಆದರೂ ಹೇಳಿದ್ದಾರಲ್ಲ ಎಂದು, ಅಂಗಳದಲ್ಲಿ ಎಳೆಬಿಸಿಲು ಕಾಯಿಸಿಕೊಳ್ಳುತ್ತಿದ್ದ ಅವ್ವನನ್ನು ಒಳಗೆ ಕರೆತಂದು ಕೋಣೆಯಲ್ಲಿ ಕೂರಿಸಿದರು. ಬಿಸಿಲು ತಪ್ಪಿದ ಮುದುಕಿಗೆ ಚಳಿ ಇನ್ನೂ ಹೆಚ್ಚಾಯಿತು.

"ಉಸಾ, ಬೆನ್ನು ಸೆಳೀತದೆ ಕಣೆ" ಎಂದಳು ಒಂದು ಸಂಜೆ. "ಪಟ್ಟು ಹಾಕಿ ಸುಮ್ನೆ ಬುಟ್ರೆ ಹಿಡಿತದಾ? ಶಾಖ ಕೊಡು. ಶಾಖ ತಾಗಿದ್ರೇನೆ ಪಟ್ಟು ಒಳಕ್ಕಿಳಿಯಾದು."

ಅದು ಅವರ ಕಡೆ ಎಲ್ಲರಿಗೂ ಗೊತ್ತಿದ್ದ ಮಾತೇ. ಪಟ್ಟು ಹಾಕಿದ ಮೇಲೆ ಶಾಖ ಕೊಡಲೇಬೇಕು. ಉಷಾರಾಣಿ ಬಾಣಲೆಯಿಟ್ಟಳು. ಲಕ್ಕಿ ಸೊಪ್ಪು ಚಟಚಟ ಎಂದಿತು, ಆ ಕಹಿಗಂಪು ಮನೆಯೆಲ್ಲ ತುಂಬಿತು. ದಿನವಿಡೀ ನೂರಾರು ಮಕ್ಕಳ ಅನ್ನದ ಡಬರಿ ಇಳಿಸಿ ಅವಳ ಅಂಗೈಗಳಿಗೆ ಬಿಸಿ ಎಂಬುದು ಮರೆತೇಹೋಗಿತ್ತು; ಕೆನ್ನೆಗಿಟ್ಟು ನೋಡುವುದನ್ನು ಬಿಟ್ಟು, ಅಂಗೈಯಲ್ಲೇ ಹಿಡಿದು ನೋಡಿ ಸರಿಯಿದೆ ಎಂದುಕೊಂಡಳು. ಪಟ್ಟಿನ ಮೇಲೆಯೇ ಗಂಟನ್ನು ಒತ್ತಿದಳು.

"ಆಹಾ" ಎಂದಳು ಅವ್ವ. "ಜೀವ ಬಂತು ಕಣೆ."

ಆ ಸಂಜೆ ಹುಚ್ಚಮ್ಮ ಬಹಳ ದಿನಗಳ ಮೇಲೆ ಕಥೆಗಿಳಿದಳು. ಗಾಡಿ, ಎತ್ತು, ಅತ್ತೆಯ ಬೆಲ್ಲ. ಉಷಾರಾಣಿ ಗಂಟು ಆರಿದಂತೆಲ್ಲ ಮತ್ತೆ ಬಿಸಿ ಮಾಡಿ ತಂದು ಒತ್ತಿದಳು. ಎತ್ತುಗಳು ಊರಿನ ದಾರಿ ಹಿಡಿಯುವಲ್ಲಿಗೆ ಬಂದಾಗ ಅವ್ವನ ಮಾತು ತೊದಲಿತು. ನಿದ್ದೆ ಬಂತು, ಒಳ್ಳೆಯದೇ ಆಯಿತು ಎಂದುಕೊಂಡಳು ಮಗಳು. ಆಮೇಲೆ ಅವ್ವ ಸ್ವಲ್ಪ ವಾಂತಿ ಮಾಡಿದಳು. ಬಾಯಿ ಒರೆಸಲು ಮುಖ ತಿರುಗಿಸಿದರೆ ಮುಖ ಬಿಳಚಿ, ಬೆವರು ತಣ್ಣಗೆ ಹರಿಯುತ್ತಿತ್ತು. ಉಸಿರು ಒಂದು ಬಂದರೆ ಇನ್ನೊಂದಕ್ಕೆ ಕಾಯಬೇಕಿತ್ತು.

ಆ ಮುಖವನ್ನು ಉಷಾರಾಣಿ ಎಲ್ಲೋ ನೋಡಿದ್ದಳು. ನೋಡಿದ್ದು ಹೊಲದಲ್ಲಿ. ಹೊಗೆಸೊಪ್ಪು ಮುರಿಯುವ ದಿನಗಳಲ್ಲಿ, ಇಬ್ಬನಿಗೆ ಒದ್ದೆಯಾದ ಎಲೆಗಳನ್ನು ಕಂಕುಳಲ್ಲಿ ಅವುಚಿಕೊಂಡು ಬದುವಿಗೆ ತರುತ್ತಿದ್ದರು. ಹೊತ್ತೇರಿ ಮೈ ಬೆವತರೆ ಯಾರಾದರೊಬ್ಬರು ಹೀಗೇ ಬಿಳಚಿ, ವಾಂತಿ ಮಾಡಿ, ತಲೆ ತಿರುಗಿ ಬದುವಿನ ಮೇಲೆ ಕೂತುಬಿಡುತ್ತಿದ್ದರು. ಸೊಪ್ಪು ಬಾಯಿಗೆ ಹಾಕಿರುವುದಿಲ್ಲ, ಬೀಡಿ ಸೇದಿರುವುದಿಲ್ಲ, ಬರೀ ಮೈಗೆ ತಾಗಿದ್ದು. 'ಸೊಪ್ಪು ಏರಿತು' ಎನ್ನುತ್ತಿದ್ದರು. ಮಹೇಶನಿಗೆ ಹಾಗೆ ಏರಿದಾಗ ಅವ್ವನೇ ಅವನ ಅಂಗಿ ಕಿತ್ತೆಸೆದು ನಾಲೆಯ ತಣ್ಣೀರು ಹೊಯ್ದು ಮೈಯುಜ್ಜಿದ್ದಳು.

"ಮಹೇಶಾ! ಅವ್ವಂಗೆ ಏರ್ಬುಟ್ಟದೆ ಕಣೋ! ಆ ಸಿಸ್ಟರಿಗೆ ಫೋನ್ ಮಾಡು!"

ಮನೆಮನೆಗೆ ಬಂದು ಇಂಥ ರೋಗಿಗಳನ್ನು ನೋಡಿಕೊಳ್ಳುವ ನರ್ಸು ವೀಣಾ, ವಾರಕ್ಕೊಮ್ಮೆ ಬರುವವಳು, ಪ್ಯಾಚು ಹಾಕಿದ ಮೇಲೆ ಇನ್ನೂ ಬಂದಿರದವಳು, ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದಳು. "ಪ್ಯಾಚಿಗೆ ಬಿಸಿ ಏನಾದ್ರೂ ತಾಗಿತಾ?"

"ಶಾಖ ಕೊಟ್ಟೆ ಸಿಸ್ಟರ್."

"ಈಗ್ಲೇ ಕಿತ್ತಾಕಿ. ಆ ಜಾಗಾನ ತಣ್ಣೀರಲ್ಲಿ ತೊಳೀರಿ, ಸೋಪು ಬೇಡ. ಮಲಗೋಕೆ ಬಿಡಬೇಡಿ, ಮಾತಾಡಿಸ್ತಾ ಇರಿ, ಉಸಿರು ನೋಡ್ತಿರಿ. ಕಿತ್ತರೂ ಚರ್ಮದೊಳಗೆ ಸೇರಿರೋದು ಇನ್ನೂ ಒಂದು ದಿನ ಇಳೀತಾನೇ ಇರುತ್ತೆ. ತಡ ಮಾಡದೆ ಆಸ್ಪತ್ರೆಗೆ ಕರ್ಕೊಂಡ್ ಬನ್ನಿ, ನಾನೂ ಬರ್ತೀನಿ."

ಸತೀಶನ ಟೆಂಪೊದ ಹಿಂಬದಿಯಲ್ಲಿ ಹಾಸಿಗೆ ಹಾಸಿ ಹೊರಟರು. ಉಷಾರಾಣಿ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆನ್ನೆ ತಟ್ಟುತ್ತಾ ದಾರಿಯುದ್ದಕ್ಕೂ ಅವಳದೇ ಕಥೆಯನ್ನು ಅವಳಿಗೆ ಹೇಳಿದಳು.

"ಎತ್ತು ತಿರುಗಿದ್ವಲ್ಲ ಅವ್ವ, ಆಮ್ಯಾಕೆ ಏನಾಯ್ತು? ಹೇಳವ್ವ. ಅಪ್ಪ ಎದ್ದನಾ?"

ಕುಶಾಲನಗರದ ಸೇತುವೆಯ ಹತ್ತಿರ ಅವ್ವನ ತುಟಿ ಅಲ್ಲಾಡಿತು. "ಎದ್ದ" ಎಂದಳು. "ಮತ್ತೆ ಮಲಿಕ್ಕಂಡ."

ಆಸ್ಪತ್ರೆಯಲ್ಲಿ ಇಂಜೆಕ್ಷನ್ನು ಕೊಟ್ಟರು, ಉಸಿರಿಗೆ ಗಾಳಿ ಹಾಕಿದರು. ಹುಚ್ಚಮ್ಮ ಬದುಕಿದಳು. ಮನೆಗೆ ಬಂದ ಮರುದಿನ ವೀಣಾ ಜೀಪಿಳಿದು ಬಂದು ಜಗಲಿಯಲ್ಲಿ ಕುಳಿತು ಮಹೇಶನ ವಿಚಾರಣೆ ನಡೆಸಿದಳು.

"ನಿಮಗೆ ಡಾಕ್ಟ್ರು ಹೇಳಿರ್ಲಿಲ್ವಾ ಮಹೇಶಣ್ಣ?"

"ಹೇಳಿದ್ರು ಮೇಡಂ. ಬಿಸಿಲಿಗೆ ಕೂರಿಸ್ಬ್ಯಾಡಿ ಅಂದ್ರು. ನಾವು ಒಂದಿನಾನೂ ಕೂರಿಸಿಲ್ಲ."

"ಬಿಸಿ ತಾಗಿಸ್ಬೇಡಿ ಅಂದಿರ್ತಾರೆ."

"ಬಿಸಿಲು ಅಂದಂಗಾಯ್ತು."

"ಆ ಲು ಎಲ್ಲಿಂದ ಬಂತು?"

ಮಹೇಶ ತಲೆ ಕೆರೆದುಕೊಂಡ. ಒಳಗಿನಿಂದ ಹುಚ್ಚಮ್ಮನ ದನಿ ಬಂತು. "ಅವನ ಬಾಯಾಗೆ ಲು, ಳು ಎಲ್ಲ ಸುಮ್ಸುಮ್ನೆ ಬತ್ತವೆ ಕಣವ್ವ. ಚಿಕ್ಕೋನಿಂದ್ಲೂ ಹಂಗೆಯ."

ವೀಣಾಗೆ ನಗು ಬಂತು, ಆದರೆ ನಗಲಿಲ್ಲ. ಉಷಾರಾಣಿಯ ಕಡೆ ತಿರುಗಿ ನಿಧಾನವಾಗಿ ಹೇಳಿದಳು. ಬಿಸಿ ತಾಗಿದರೆ ಚರ್ಮ ಬಿಗಿ ಬಿಡುತ್ತದೆ, ಅದರಡಿಯ ರಕ್ತನಾಳಗಳು ಅಗಲವಾಗುತ್ತವೆ, ಮೂರು ದಿನಕ್ಕೆಂದು ಇಟ್ಟ ಔಷಧಿ ಒಮ್ಮೆಗೇ ನುಗ್ಗಿಬಿಡುತ್ತದೆ. ಸುಟ್ಟ ಕಲೆಯ ಮೇಲೆ ಅಂಟಿಸಿದ್ದು ಇನ್ನೊಂದು ತಪ್ಪು. ಅಲ್ಲಿನ ಚರ್ಮ ಎಷ್ಟು ಎಳೆದುಕೊಳ್ಳುತ್ತದೆ ಎಂದು ಯಾರಿಗೂ ಹೇಳಲಾಗದು. ಸಾಲದ್ದಕ್ಕೆ ಈಗ ಗಂಟಿನ ಬಿಸಿಗೆ ಸುತ್ತಲಿನ ಚರ್ಮವೂ ಕೆಂಪಾಗಿ ಬೆಂದಿದೆ, ಬೆಂದ ಚರ್ಮ ಕಾವಲು ಕಾಯುವುದಿಲ್ಲ. ಹೊಸ ಪ್ಯಾಚು ಕಡಿಮೆ ಪ್ರಮಾಣದ್ದು. ಅದನ್ನು ಎದೆಯ ಮೇಲೆ, ಗಾಯವಿಲ್ಲದ ಜಾಗದಲ್ಲಿ ಹಾಕಬೇಕು. ಇದಿರುವಷ್ಟು ದಿನ ಶಾಖ ಬೇಡ, ಸುಡುನೀರಿನ ಸ್ನಾನ ಬೇಡ, ಒಲೆಯ ಮುಂದೆ ಕೂರುವುದೂ ಬೇಡ. ಜ್ವರ ಬಂದರೂ ಕೂಡಲೇ ಫೋನು ಮಾಡಬೇಕು.

"ಎಷ್ಟ್ ದಿನ?" ಎಂದಳು ಉಷಾರಾಣಿ.

"ಇನ್ಮೇಲೆ ಪ್ಯಾಚು ಬಿಡೋ ಹಾಗಿಲ್ಲ ಅಕ್ಕ" ಎಂದಳು ವೀಣಾ.

ಉಷಾರಾಣಿಗೆ ಅರ್ಥವಾಯಿತು. ಒಳಗೆ ಮಲಗಿದ್ದ ಹುಚ್ಚಮ್ಮನಿಗೂ ಅರ್ಥವಾಯಿತು.

ಕೆಲವು ದಿನ ಅವ್ವ ಏನೂ ಕೇಳಲಿಲ್ಲ. ಆಮೇಲೆ ಮಾತು ಚುಚ್ಚತೊಡಗಿತು. "ಒಲೆ ಮ್ಯಾಲೆ ಆಣೆ ಇಟ್ಟೋರ್ಗೆ ಒಲೆ ಹತ್ತಿಸಾಕೇ ಪುರ್ಸೊತ್ತಿಲ್ಲ." ಮಗಳು ಮೈ ಒರೆಸಲು ಬಂದರೆ, "ಉಗುರುಬೆಚ್ಚಗಿನ ನೀರು! ಬಾಣಂತೀಗೆ ಹಿಂಗೆ ಹುಯ್ದಿದ್ರೆ ನೀನೇ ಉಳೀತಿರ್ಲಿಲ್ಲ" ಎನ್ನುವಳು. ಉಷಾರಾಣಿ ತುಟಿ ಬಿಗಿದು ಕೆಲಸ ಮುಗಿಸಿ ಬಸ್ಸು ಹಿಡಿಯುವಳು. ಶಾಖವಿಲ್ಲದ ಮೇಲೆ ಅವ್ವನ ಪಕ್ಕ ಕೂರಲು ಅವಳಿಗೆ ನೆಪವೇ ಸಿಗುತ್ತಿರಲಿಲ್ಲ. ಇಷ್ಟು ವರ್ಷ ಅವ್ವನೂ ಮಗಳೂ ಮಾತಾಡಿದ್ದು ಆ ಗಂಟಿನ ಮೂಲಕವೇ ಎಂಬುದು ಈಗ ಗೊತ್ತಾಗುತ್ತಿತ್ತು.

ಒಂದು ಭಾನುವಾರ ಬಂದಾಗ ಅವ್ವ ರವಿಕೆಯೊಳಗೆ ಕೈ ಹಾಕಿ ಪ್ಯಾಚಿನ ಅಂಚನ್ನು ಉಗುರಿನಿಂದ ಎಬ್ಬುತ್ತಿದ್ದಳು. ಅರ್ಧ ಎದ್ದೂ ಇತ್ತು.

"ಅವ್ವಾ! ಏನ್ ಮಾಡ್ತಿದೀಯ?"

"ತೆಗೀತಿವ್ನಿ. ಈ ಪಟ್ಟೂ ಬ್ಯಾಡ, ನಿಮ್ ಸಿಸ್ಟರೂ ಬ್ಯಾಡ. ಇದ್ನ ಕಿತ್ತಾಕಿ ಶಾಖ ಕೊಡು ನಂಗೆ."

"ಪಟ್ಟು ತೆಗೆದ್ರೆ ನೋವು ತಡೀತೀಯಾ?"

"ತಡೀತೀನಿ. ಬೆಂಕಿ ಮ್ಯಾಲೆ ಬಿದ್ದೋಳು ನಾನು."

"ಇದು ಆ ನೋವಲ್ಲ ಕಣವ್ವ. ಶಾಖಕ್ಕೆ ಹೋಗಾಕಿಲ್ಲ ಇದು."

"ಹೋಗದಿದ್ರೆ ಬ್ಯಾಡ ಕಣೆ!" ಹುಚ್ಚಮ್ಮನ ದನಿ ಒಡೆಯಿತು. "ನೀನು ಕುಂತಿರ್ತೀಯಲ್ಲ. ಅಷ್ಟೊತ್ತು ಕುಂತಿರ್ತೀಯಲ್ಲ."

ಉಷಾರಾಣಿ ಮಂಚದ ಅಂಚಿಗೆ ಕುಳಿತಳು. ಅಂಗಳದಾಚೆ ಬ್ಯಾರನ್ನಿನ ಗೋಡೆ ಕಾಣುತ್ತಿತ್ತು, ಒಲೆಯ ಬಾಯಿಯಿದ್ದ ಜಾಗದಲ್ಲಿ ಮಹೇಶ ಇಟ್ಟಿಗೆ ಕಟ್ಟಿಸಿ ಮುಚ್ಚಿದ್ದ.

"ಅವ್ವ, ಹೊತ್ತೇರಿದ ಮ್ಯಾಲೆ ಸೊಪ್ಪು ಮುರಿಯಾಕೆ ಬುಡ್ತಿದ್ದೇನವ್ವ ನಮ್ಮನ್ನ?"

"ಇಲ್ಲ. ಎಳಮಕ್ಕಳು, ಏರ್ಬುಡದು."

"ನಾವು ಎಷ್ಟು ಹಟ ಮಾಡಿದ್ರೂ?"

"ಪೊರಕೆ ತಕ್ಕಂಡು ಓಡಿಸ್ತಿದ್ದೆ. ಬೆವತ ಮೈಗೆ ಬ್ಯಾಗ ಏರ್ತದೆ ಅದು."

"ಇದೂ ಅಂಗೇಯ ಕಣವ್ವ. ಆವತ್ತು ನಿಂಗೆ ಏರಿತ್ತಲ್ಲ, ನಿನ್ ಮುಖ ಮಹೇಶಂಗೆ ಸೊಪ್ಪು ಏರಿದಾಗ ಇದ್ದಂಗಿತ್ತು. ನಿನ್ ಕೈಯಾರೆ ಅವನನ್ನ ತೊಳೆದು ಉಳಿಸ್ಕಂಡೆ. ನನ್ ಕೈಯಾರೆ ನಿನ್ನ ಕೊಂದ್ಬುಡ್ತಿದ್ದೆ."

ಪ್ಯಾಚು, ಔಷಧಿ, ರಕ್ತನಾಳ ಇವೆಲ್ಲ ಹುಚ್ಚಮ್ಮನಿಗೆ ಯಾರದೋ ಮಾತಾಗಿದ್ದವು. ಸೊಪ್ಪು ಏರುವುದು ಅವಳ ಮಾತು. ಕೊನೆಗೆ ರವಿಕೆಯಿಂದ ಕೈ ತೆಗೆದಳು.

"ಅಂಟಿಸು ಮತ್ತೆ. ನೆಟ್ಟಗೆ ಅಂಟಿಸು, ಪಂಕ್ಚರ್ ಅಂಗಡಿಯೋನಂಗಲ್ಲ."

ಉಷಾರಾಣಿ ಫೋನಿನಲ್ಲಿ ವೀಣಾಳನ್ನು ಕೇಳಿ, ಅದನ್ನು ತೆಗೆದು ಮಡಚಿ, ಹೊಸದೊಂದನ್ನು ಪಕ್ಕದ ಜಾಗಕ್ಕೆ ಅಂಟಿಸಿ ಅಂಗೈಯಿಂದ ಒತ್ತಿ ಹಿಡಿದಳು. ಆಮೇಲೆ ಬೇಲಿಗೆ ಹೋಗಿ ಲಕ್ಕಿ ಸೊಪ್ಪು ಮುರಿದು ತಂದಳು. ಬಾಣಲೆಯಿಟ್ಟು ಕಲ್ಲುಪ್ಪಿನ ಜೊತೆ ಹುರಿದಳು. ಕಹಿಗಂಪು ಅಡುಗೆಮನೆ ದಾಟಿ ಕೋಣೆಯವರೆಗೂ ಹೋಯಿತು. ಅಪ್ಪನ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಹಿತ್ತಲ ತೊಟ್ಟಿಯ ಕಲ್ಲಿನ ಮೇಲಿಟ್ಟು, ಅದು ಪೂರಾ ಆರುವವರೆಗೂ ಪಕ್ಕದಲ್ಲೇ ನಿಂತಳು. ಕೆನ್ನೆಗಿಟ್ಟು ನೋಡಿದಳು. ಮತ್ತೂ ಸ್ವಲ್ಪ ಹೊತ್ತು ಬಿಟ್ಟಳು.

ಒಳಗೆ ಬಂದು ಅವ್ವನ ಬೆನ್ನಿಗೆ ಗಂಟನ್ನು ಮೆಲ್ಲಗೆ ಇಟ್ಟಳು.

"ತಣ್ಣಗದೆ ಕಣೆ" ಎಂದಳು ಹುಚ್ಚಮ್ಮ.

"ಹೂಂ ಕಣವ್ವ."

"ಒಲೆಯಾಣೆ ಏನಾಯ್ತು?"

"ತಪ್ಪಿತು."

ಅವ್ವ ಮೂಗೆಳೆದು ಲಕ್ಕಿಯ ವಾಸನೆ ಹಿಡಿದಳು. "ತಪ್ಪಿದ್ರೆ ತಪ್ಲಿ. ವಾಸನೆ ಚೆನ್ನಾಗದೆ. ಇಟ್ಕಂಡಿರು, ಎದ್ದೋಗ್ಬ್ಯಾಡ" ಎಂದಳು. ಆಮೇಲೆ, "ನಿಮ್ಮಪ್ಪ ಗಾಡಿ ಕಟ್ದ ಅಂತಿಟ್ಕೊ…" ಎಂದು ಶುರು ಮಾಡಿದಳು. ಉಷಾರಾಣಿಗೆ ಅಂದು ಬಸ್ಸು ತಪ್ಪಿತು.

ಹುಚ್ಚಮ್ಮ ಶಿವರಾತ್ರಿಗೆ ಮೊದಲು ಹೋದಳು, ನೋವಿಲ್ಲದೆ ಹೋದಳು. ಅಲ್ಲಿಯವರೆಗೂ ಉಷಾರಾಣಿ ಅವಳ ಬೆನ್ನಿಗೆ ಶಾಖ ಕೊಡಲಿಲ್ಲ. ಕೊಟ್ಟ ಮಾತು ಉಳಿಯಲಿಲ್ಲ.